ಗಿಟಾರ್ ಮೇಳಕ್ಕೆ ಹೊರಟಿರಾ? ಜೇಬಲ್ಲೊಂದು ವಿಸಿಟಿಂಗ್ ಕಾರ್ಡ್ ಇರಲಿ

ನಾನು ಕೊಪ್ಪಳದವನು. ಮನೆತನದ ಕಸುಬು ಬಡಿಗತನ. ಹಗಲು ಅಪ್ಪನ ಜೊತೆ ಬಾಗಿಲು, ಚೌಕಟ್ಟು, ರಾತ್ರಿ ಗಿಟಾರ್. ಬೆಂಗಳೂರಿನಲ್ಲಿ ನಡೆದ ಅಕೌಸ್ಟಿಕ್ ಗಿಟಾರ್ ಮೇಳಕ್ಕೆ ಎರಡು ಸಲ ಹೋಗಿಬಂದೆ. ಮೊದಲ ಸಲ “ವರ್ಕ್‌ಶಾಪ್ ಐತಿ” ಅಂದಿದ್ದಕ್ಕೆ ಅವ್ವ, “ಲಾರಿ ರಿಪೇರಿ ಯಾವಾಗಿಂದ ಹಿಡದಿ?” ಅಂದಳು. ಲಾರಿ ರಿಪೇರಿಗೆ ಹೋಗಿದ್ದರೆ ಏನಾದರೂ ಕಲಿಯುತ್ತಿದ್ದೆನೋ ಏನೋ. ಎರಡು ದಿನಕ್ಕೆ ಒಂಬತ್ತು ಕಡೆ ನುಗ್ಗಿದೆ, ಒಂದರಲ್ಲೂ ಕೊನೆತನಕ ಕೂರಲಿಲ್ಲ, ಒಂದು ಕೈಚೀಲದ ತುಂಬ ಕರಪತ್ರ ಹೊತ್ತು ಬಂದೆ.

ಎರಡನೇ ಸಲ ಒಬ್ಬ ರೋಗಿಯನ್ನು ಕರೆದುಕೊಂಡು ಹೋದೆ: ನನ್ನದೇ ಗಿಟಾರ್. ಬೇಸಿಗೆ ಬಂತೆಂದರೆ ಅದರ ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳ, ಅಂದರೆ ಫ್ರೆಟ್‌ಗಳ, ತುದಿಗಳು ಅಂಗೈಗೆ ಚುಚ್ಚುತ್ತಿದ್ದವು, ದಪ್ಪ ತಂತಿ ಜರ್ ಅನ್ನುತ್ತಿತ್ತು. ಯಾಕೆ ಅನ್ನುವುದೊಂದೇ ಪ್ರಶ್ನೆ ಬರೆದುಕೊಂಡಿದ್ದೆ. ನೀವೂ ಹಾಗೆ ಒಂದು ಕಾಯಿಲೆ ಹಿಡಿದುಕೊಂಡೇ ಹೋಗಿ.

ವೇಳಾಪಟ್ಟಿ ಬಂದ ದಿನವೇ ಕೂತು ಗುರುತು ಹಾಕಿ. ನುಡಿಸುವ ಕಾರ್ಯಾಗಾರಗಳಿಗೆ ಸೀಟು ಕಡಿಮೆ, ಮೊದಲೇ ಹೆಸರು ಕೊಡಬೇಕಾಗುತ್ತದೆ. ದಿನಕ್ಕೆ ನುಡಿಸುವ ಪಾಠ ಒಂದು, ಗಿಟಾರ್ ಮಾಡುವವರ ಮಾತು ಒಂದು, ಅಷ್ಟು ಸಾಕು. ಎರಡೂ ಒಂದೇ ಹೊತ್ತಿಗೆ ಬಿದ್ದರೆ ನಾನಂತೂ ಮಾಡುವವರ ಕಡೆ ಹೋಗುತ್ತೇನೆ. ಪಾಠ ಯೂಟ್ಯೂಬಿನಲ್ಲೂ ಸಿಗುತ್ತದೆ. ಮಾಡುವವರು ಮುಟ್ಟಿ ನೋಡಲು ಕೊಟ್ಟು, ಕೈಯಿಂದ ಕೈಗೆ ದಾಟಿ ಬರುವ ಗಿಟಾರಿನ ಹಲಗೆ ಅಲ್ಲಿ ಸಿಗುವುದಿಲ್ಲ.

ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಹೋಗುವವರು ಮೇಲಿನ ಬರ್ತ್ ಹಿಡಿಯಿರಿ, ಗಿಟಾರನ್ನು ಗೋಡೆ ಬದಿಗೆ ಮಲಗಿಸಿ ನೀವು ಈಚೆ ಮಲಗಿ. ಸೀಟಿನ ಕೆಳಗೆ ತಳ್ಳಿದರೆ ಯಾರದೋ ಟ್ರಂಕು ಬಂದು ಗುದ್ದುತ್ತದೆ. ಚೀಲದಲ್ಲಿ ಶ್ರುತಿ ನೋಡುವ ಟ್ಯೂನರ್, ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು ಅಂದರೆ ಕ್ಯಾಪೋ, ಪೆನ್ಸಿಲ್, ಆರಿಂಚಿನ ಸ್ಟೀಲ್ ಸ್ಕೇಲು, ಒಂದು ತೆಳು ವಿಸಿಟಿಂಗ್ ಕಾರ್ಡ್ ಇರಲಿ. ಒಂದು ಸೆಟ್ ತಂತಿಯೂ ಬೇಕು. ಆರು ತಂತಿಗಳನ್ನು ಮಾಮೂಲಿಗಿಂತ ಬೇರೆಯಾಗಿ ಡಿ-ಎ-ಡಿ-ಜಿ-ಎ-ಡಿ ಸ್ವರಗಳಿಗೆ ಕೂರಿಸುವ ಶ್ರುತಿಯ ಪಾಠದಲ್ಲಿ ಒಂದು, ಎರಡು, ಆರನೇ ತಂತಿಗಳನ್ನು ಒಂದೊಂದು ಸ್ವರ ಇಳಿಸಿದೆವು. ಇಳಿಸುವಾಗ ಏನೂ ಆಗಲಿಲ್ಲ. ಮತ್ತೆ ಏರಿಸುವಾಗ ನನ್ನ ಹಳೇ ಒಂದನೇ ತಂತಿ ಟಪ್ ಅಂತ ಹರಿಯಿತು, ಇಡೀ ಕೋಣೆ ನನ್ನತ್ತ ತಿರುಗಿತು.

ಆ ಪಾಠಗಳಲ್ಲಿ ಶ್ರುತಿ ಮಾಡಿಕೊಂಡೇ ಒಳಗೆ ಹೋಗಿ. ಕಲಿಸುವವರು ಮಾತಾಡುವಾಗ ತಂತಿ ಮೇಲೆ ಅಂಗೈ ಇಟ್ಟಿರಿ. ರೆಕಾರ್ಡ್ ಮಾಡುವ ಮೊದಲು ಕೇಳಿ.

ಮಾಡುವವರ ಮಾತಿಗೆ ಮಾತ್ರ ಹದಿನೈದು ನಿಮಿಷ ಮುಂಚೆ ಹೋಗಿ ಮುಂದಿನ ಸಾಲಲ್ಲಿ ಕೂರಿ. ಹಲಗೆ ಕೈಗೆ ಬಂದಾಗ ಮಧ್ಯೆ ಹಿಡಿಯಬೇಡಿ. ಅಂಚಿನ ಹತ್ತಿರ ಎರಡು ಬೆರಳಲ್ಲಿ ತೂಗುಹಾಕಿ, ಕಿವಿ ಹತ್ತಿರ ತಂದು, ಬೆರಳ ಗೆಣ್ಣಿನಿಂದ ತಟ್ಟಿ. ತೆಂಗಿನಕಾಯಿ ತಟ್ಟಿ ನೋಡುವವರಿಗೆ ಇದೇನು ಹೊಸದಲ್ಲ. ಗಿಟಾರಿನ ಮೇಲ್ಭಾಗಕ್ಕೆ ಬಳಸುವ ಸ್ಪ್ರೂಸ್ ಮರದ ಹಲಗೆಯ ಅಡ್ಡಂಚನ್ನೂ ನೋಡಿ: ಎಳೆಗಳು ಮಲಗಿರಬಾರದು, ನೆಟ್ಟಗೆ ನಿಂತಿರಬೇಕು. ಬಾಗಿಲಿಗಾದರೆ ಅಪ್ಪ ಅಷ್ಟು ನೋಡುವುದಿಲ್ಲ. ಇಲ್ಲಿ ಹಲಗೆ ದಪ್ಪ ಸುಮಾರು ಮೂರು ಮಿಲಿಮೀಟರ್, ಆರು ಸ್ಟೀಲ್ ತಂತಿಗಳ ಒಟ್ಟು ಎಳೆತ 70 ಕಿಲೋ ಆಸುಪಾಸು. ಒಬ್ಬ ಆಳು ಹಗಲೂರಾತ್ರಿ ಜೋತುಬಿದ್ದ ಹಾಗೆ.

‘ಯಾವ ಮರ ಒಳ್ಳೇದು?’ ಅಂತ ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರ ಹತ್ತಿರವೂ ಸಿದ್ಧ ಉತ್ತರವಿರುತ್ತದೆ. 1862ರಲ್ಲೇ ಸ್ಪೇನಿನ ಆಂಟೋನಿಯೋ ಟೊರೆಸ್ ಬೆನ್ನು, ಪಕ್ಕೆ ಎರಡನ್ನೂ ಕಾಗದದ ರಟ್ಟಿನಲ್ಲಿ ಮಾಡಿ, ಮೇಲಿನ ಹಲಗೆಯನ್ನಷ್ಟೇ ಒಳ್ಳೆಯ ಮರದಲ್ಲಿ ಕೂರಿಸಿ ಒಂದು ಗಿಟಾರ್ ಕಟ್ಟಿದ. ದನಿ ಮುಖ್ಯವಾಗಿ ಆ ಹಲಗೆಯದು ಅಂತ ತೋರಿಸಲಿಕ್ಕೇ. ‘ಇದನ್ನು ಎಲ್ಲಿ ತೆಳು ಮಾಡಿದಿರಿ?’, ‘ಹಲಗೆಯ ಒಳಗಿನ ಆಸರೆ ಪಟ್ಟಿ ಕೆತ್ತುವುದನ್ನು ಯಾವಾಗ ನಿಲ್ಲಿಸುತ್ತೀರಿ?’, ‘ಕೆಟ್ಟುಹೋದದ್ದು ಯಾವುದು?’ ಅಂತ ಕೇಳಿ. ಕೊನೆಯದನ್ನು ನಾನು ಕೇಳಿದಾಗ ಗಿಟಾರ್ ಮಾಡುವ ಆ ಮನುಷ್ಯ ಮೇಜಿನ ಕೆಳಗಿಂದ ಸೀಳುಬಿಟ್ಟ ಹಲಗೆಯೊಂದನ್ನು ತೆಗೆದು ಅರ್ಧ ಗಂಟೆ ಮಾತಾಡಿದ.

ಬೀಟೆಯ ಮಾತೂ ಬರುತ್ತದೆ. ನಮ್ಮ ಪಶ್ಚಿಮ ಘಟ್ಟದ ಬೀಟೆಯೇ ಜಗತ್ತಿನ ಎಷ್ಟೋ ಗಿಟಾರುಗಳ ಬೆನ್ನಿಗಿದೆ. 2017ರಲ್ಲಿ ಆ ಜಾತಿಯ ಮರಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಾಗದಪತ್ರ ಬಿಗಿಯಾಯಿತು, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಊರಿಗೆ ಬಂದು ಹೇಳಿದೆ, ಅಪ್ಪ “ನಮ್ಮ ಬೀಟಿ ನಮಗ ತುಟ್ಟಿ ಆತು ನೋಡು” ಅಂದ.

ನನ್ನ ರೋಗಿಯ ವಿಷಯ. ಮಾತು ಮುಗಿದ ಮೇಲೆ ಜನ ಕರಗುವ ತನಕ ಕಾದೆ. ಮಾತಾಡಿದ ಗಿಟಾರ್ ತಯಾರಕರು ಒಂದನೇ ಫ್ರೆಟ್‌ಗೆ ಕ್ಯಾಪೋ ಹಾಕಿಸಿದರು. ಕತ್ತು ಒಡಲಿಗೆ ಸೇರುವ ಫ್ರೆಟ್‌ನಲ್ಲಿ ಆ ದಪ್ಪ ಆರನೇ ತಂತಿ ಒತ್ತಿ ಹಿಡಿಯಲು ಹೇಳಿ, ಆರು-ಏಳನೇ ಫ್ರೆಟ್ ಹತ್ತಿರ ವಿಸಿಟಿಂಗ್ ಕಾರ್ಡ್ ತೂರಿಸಲು ನೋಡಿದರು. ಕಾರ್ಡು ಸಲೀಸಾಗಿ ಜಾರುವಷ್ಟು ಸಂದು ಇರಬೇಕಂತೆ. ನನ್ನದರಲ್ಲಿ ತಂತಿ ಫ್ರೆಟ್‌ಗೆ ಅಂಟಿಕೊಂಡೇ ಇತ್ತು. ನಾನು ಕತ್ತಿನ ಬಾಗು ಸರಿಮಾಡುವ ಒಳಗಿನ ಸರಳಿನ, ಅಂದರೆ ಟ್ರಸ್ ರಾಡಿನ, ಕೀಲಿ ತೆಗೆದೆ.

“ತಡೀರಿ. ಯಾವೂರು ನಿಮ್ದು?”

“ಕೊಪ್ಪಳ ಸರ್.”

“ಹಾಗಾದ್ರೆ ರಾಡ್ ಮುಟ್ಟಬೇಡಿ, ಮೊದಲು ನೀರು ಕುಡಿಸಿ.”

ನಮ್ಮೂರ ಬೇಸಿಗೆಯ ಒಣ ಗಾಳಿಗೆ ಕಟ್ಟಿಗೆ ಕುಗ್ಗುತ್ತದೆ, ಫ್ರೆಟ್‌ನ ಲೋಹ ಕುಗ್ಗುವುದಿಲ್ಲ, ಅದಕ್ಕೇ ಚುಚ್ಚುವುದು. ಮೇಲಿನ ಹಲಗೆ ತಗ್ಗಿ ತಂತಿಯೂ ಕೆಳಗಿಳಿಯುತ್ತದೆ, ಜರ್ ಅನ್ನುತ್ತದೆ. ಬಾಗಿಲು ಮಳೆಗಾಲದಲ್ಲಿ ಬಿಗಿಯುತ್ತದೆ, ಬೇಸಿಗೆಯಲ್ಲಿ ಸಡಿಲಾಗುತ್ತದೆ ಅಂತ ಗಿರಾಕಿಗಳಿಗೆ ನಾನೇ ವರ್ಷಗಟ್ಟಲೆ ಹೇಳಿದವನು! ಗಿಟಾರಿಗೆ ಅದನ್ನು ಹೊಂದಿಸಿ ನೋಡಿರಲಿಲ್ಲ.

ಮಳಿಗೆಗಳಲ್ಲಿ ಗಿಟಾರ್ ಮುಟ್ಟುವ ಮೊದಲು ಕೇಳಿ, ಬೆಲ್ಟಿನ ಬಕಲ್ ಬಿಚ್ಚಿಡಿ. ಎಲ್ಲದರಲ್ಲೂ ಒಂದೇ ತುಣುಕು ನುಡಿಸಿ, ಇಲ್ಲದಿದ್ದರೆ ಹೋಲಿಕೆಯೇ ಸಿಗುವುದಿಲ್ಲ. ಗದ್ದಲದಲ್ಲಿ ಕೇಳದಿದ್ದರೆ ಪಕ್ಕೆಗೆ ಕಿವಿ ಒತ್ತಿ. ಕೊಳ್ಳುವುದಿಲ್ಲವಾದರೆ ಚೌಕಾಸಿಗೆ ಇಳಿಯಬೇಡಿ. ಮುಂಗಡ ಕೊಟ್ಟವರು ಹಿಂದೆ ನಿಂತಿರುತ್ತಾರೆ.

ಬರೆದುಕೊಂಡಿದ್ದನ್ನು ವಾಪಸ್ ಬರುವ ರೈಲಿನಲ್ಲೇ ತಿದ್ದಿ ಬರೆಯಿರಿ. ಬೆಳಗಾದರೆ ನನ್ನ ಅಕ್ಷರ ನನಗೇ ತಿಳಿಯುವುದಿಲ್ಲ.

ಈಗ ಗಿಟಾರಿನ ಪೆಟ್ಟಿಗೆಯಲ್ಲಿ ತೂತು ಕೊರೆದ ಸೋಪಿನ ಡಬ್ಬಿ ಇದೆ, ಅದರೊಳಗೆ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಂಜು. ಪಕ್ಕದಲ್ಲಿ ತೇವ ಅಳೆಯುವ ಪುಟ್ಟ ಮೀಟರ್. ಮುಳ್ಳು ಶೇಕಡಾ 45ರಿಂದ 55ರೊಳಗೆ ಇರಬೇಕು. ಏಪ್ರಿಲ್‌ನಲ್ಲಿ ಎರಡು ದಿನಕ್ಕೊಮ್ಮೆ ಸ್ಪಂಜು ನೆನೆಸುತ್ತೇನೆ. ಅಪ್ಪ ನೋಡಿ, “ಬಾಣಂತಿಗೆ ಮಾಡಿದಂಗ ಮಾಡಾಕತ್ತಿಯಲ್ಲೋ” ಅನ್ನುತ್ತಾನೆ. ನಾನು ಊರಲ್ಲಿಲ್ಲದ ದಿನ ಸ್ಪಂಜು ನೆನೆಸುವವನು ಅವನೇ.