ಸ್ಟಾಕ್ ಕಾರ್ ಆಟದ ಡಿಸ್ಕ್‌ನಲ್ಲಿ ಬಳಕೆಯಾಗದೆ ಉಳಿದ ಬಣ್ಣಪಟ್ಟಿ

ಅಮೆರಿಕದ ಸ್ಟಾಕ್ ಕಾರ್ ರೇಸುಗಳಾದ ನ್ಯಾಸ್ಕಾರ್‌ನ ವೀಡಿಯೊ ಆಟಗಳ ಡಿಸ್ಕ್‌ಗಳಲ್ಲಿ ಬಳಕೆಯಾಗದ ಸಾಮಗ್ರಿ ಉಳಿದುಬಿಡುವುದಕ್ಕೆ ಪರವಾನಗಿಯ ಜಂಜಾಟವೇ ಮುಖ್ಯ ಕಾರಣವೆಂದು ನನಗನ್ನಿಸುತ್ತದೆ. ಚಾಲಕ, ಪ್ರಾಯೋಜಕ, ಟ್ರ್ಯಾಕ್ ಎಲ್ಲದಕ್ಕೂ ಬೇರೆ ಬೇರೆ ಒಪ್ಪಿಗೆ ಬೇಕು. 1994ರಲ್ಲಿ ಪಪೈರಸ್ ಸಂಸ್ಥೆ ರೂಪಿಸಿದ ‘ನ್ಯಾಸ್ಕಾರ್ ರೇಸಿಂಗ್’ ಆಟದಲ್ಲಿ ನ್ಯಾಸ್ಕಾರ್‌ನ ಹೆಸರಾಂತ ಡೇಟೋನಾ ಟ್ರ್ಯಾಕೇ ಇರಲಿಲ್ಲ. ಕೊನೆಗಳಿಗೆಯಲ್ಲಿ ಏನನ್ನಾದರೂ ಕೈಬಿಡಬೇಕಾಗಿ ಬಂದರೆ, ಕಡತವನ್ನೇ ಕಿತ್ತುಹಾಕಿ ಇಡೀ ಆಟವನ್ನು ಮತ್ತೆ ಪರೀಕ್ಷಿಸುವುದಕ್ಕಿಂತ ಅದನ್ನು ಕಣ್ಣಿಗೆ ಕಾಣದಂತೆ ಮಾಡುವುದು ಸುಲಭ.

ತೊಂಬತ್ತರ ದಶಕದ ಕೊನೆಯ ಪ್ಲೇಸ್ಟೇಷನ್ ಆಟವೊಂದರ ನನ್ನದೇ ಡಿಸ್ಕ್‌ನಿಂದ ಪೂರ್ಣ ಇಮೇಜ್ (ಬೈಟ್‌ಗೆ ಬೈಟ್ ನಕಲು) ತೆಗೆದು, 2352 ಬೈಟ್‌ಗಳ ಪ್ರತಿ ತುಣುಕಿನಲ್ಲಿ, ಅಂದರೆ ಸೆಕ್ಟರ್‌ನಲ್ಲಿರುವ 2048 ಬೈಟ್‌ಗಳ ದತ್ತಾಂಶವನ್ನಷ್ಟೇ ಬೇರ್ಪಡಿಸಿ, ಬೈಟ್‌ಗಳನ್ನು ನೇರವಾಗಿ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದೆ. ಸೋನಿಯ ಟಿಮ್ ಮಾದರಿಯ ಚಿತ್ರಗಳು 10 00 00 00 ಎಂಬ ಬೈಟ್‌ಗಳಿಂದ ಆರಂಭವಾಗುತ್ತವೆ. ಅನಂತರದ ಬೈಟ್ 08 ಇದ್ದರೆ 16 ಬಣ್ಣಗಳ ಚಿತ್ರ, 09 ಇದ್ದರೆ 256 ಬಣ್ಣಗಳ ಚಿತ್ರ. ಹೀಗೆ ಹುಡುಕಿದಾಗ ಸಿಕ್ಕ ಕಾರುಗಳ ಚಿತ್ರಗಳಲ್ಲಿ ಒಂದಕ್ಕೆ ಮಾತ್ರ ಎರಡು ಬಣ್ಣಪಟ್ಟಿಗಳಿದ್ದವು. ಚಿತ್ರದಲ್ಲಿರುವುದು ಬರೀ ಸಂಖ್ಯೆಗಳು, ಯಾವ ಸಂಖ್ಯೆಗೆ ಯಾವ ಬಣ್ಣವೆಂದು ಹೇಳುವುದು ಈ ಪಟ್ಟಿ. ಮೊದಲನೆಯದರಲ್ಲಿ ಬಾನೆಟ್ ಬರೀ ನೀಲಿ. ಎರಡನೆಯದನ್ನು ಹಾಕಿದೊಡನೆ ಆ ನೀಲಿಯೊಳಗಿಂದಲೇ ಬಿಳಿ ಅಕ್ಷರಗಳಲ್ಲಿ ಬಿಯರ್ ಕಂಪನಿಯೊಂದರ ಹೆಸರು ಎದ್ದು ಕಂಡಿತು. ಚಿತ್ರವನ್ನು ಮುಟ್ಟದೆ, ಅಕ್ಷರದ ಬಣ್ಣವನ್ನು ಹಿನ್ನೆಲೆಯ ಬಣ್ಣಕ್ಕೇ ಸರಿಹೊಂದಿಸಿ ಯಾರೋ ಕೆಲಸ ಮುಗಿಸಿದ್ದರು. ಮಕ್ಕಳೂ ಆಡುವ ಇಂಥ ಆಟಗಳಲ್ಲಿ ಮದ್ಯದ ಜಾಹೀರಾತನ್ನು ಮರೆಮಾಡುವುದು ಆಗ ಸಾಮಾನ್ಯವಾಗಿತ್ತು. ಆದರೂ ಈ ಜಾಣತನಕ್ಕೆ ನಾನು ತಲೆದೂಗಿದೆ.

ಆದರೆ ಡಿಸ್ಕ್‌ನಲ್ಲಿ ಇದೆ ಎಂದ ಮಾತ್ರಕ್ಕೆ ಅದು ಬಳಕೆಯಾಗಿಲ್ಲ ಎನ್ನುವಂತಿಲ್ಲ. ಸೀಸನ್ ಗೆದ್ದವರಿಗೋ ಚೀಟ್ ಕೋಡ್ ಹಾಕಿದವರಿಗೋ ಕಾಣಿಸಲೆಂದೇ ಇಟ್ಟದ್ದೂ ಇರಬಹುದು. ಅದಕ್ಕಾಗಿ ಎರಡನೆಯ ಪಟ್ಟಿಯ ಬಣ್ಣಗಳನ್ನೆಲ್ಲ ಎದ್ದುಕಾಣುವ ಗುಲಾಬಿಗೆ ಬದಲಿಸಿ, ಕಂಪ್ಯೂಟರಿನಲ್ಲಿ ಪ್ಲೇಸ್ಟೇಷನ್‌ನಂತೆ ನಡೆಯುವ ಎಮ್ಯುಲೇಟರ್‌ನಲ್ಲಿ ಸೀಸನ್ ಮುಗಿಯುವವರೆಗೂ ಆಡಿದೆ. ವೀಡಿಯೊ ಮೆಮೊರಿಯನ್ನು ತೆರೆದು ನೋಡಿದಾಗ ಗುಲಾಬಿ ಸಾಲು ಅಲ್ಲಿಗೆ ಬಂದು ಕುಳಿತಿರುತ್ತಿತ್ತು, ಆದರೆ ಪರದೆಯ ಮೇಲೆ ಒಮ್ಮೆಯೂ ಕಾಣಿಸಿಕೊಳ್ಳಲಿಲ್ಲ. ಆಮೇಲೆ ಆಟದ ಪ್ರೋಗ್ರಾಂ ಕಡತವನ್ನು ಘಿದ್ರಾ ಎಂಬ ಪ್ರೋಗ್ರಾಂ ವಿಶ್ಲೇಷಣಾ ತಂತ್ರಾಂಶದಲ್ಲಿ ಬಿಡಿಸಿ, ಯಾವ ಕಾರಿಗೆ ಯಾವ ಪಟ್ಟಿಯೆಂದು ನಿರ್ಧರಿಸುವ ಕೋಷ್ಟಕವನ್ನು ಗುರುತಿಸಿದೆ. ಆ ಕಾರಿನ ಎದುರು ಸೊನ್ನೆಯಿತ್ತು, ಅಂದರೆ ಮೊದಲ ಪಟ್ಟಿ; ಅದನ್ನು ಬದಲಿಸುವ ಸಾಲು ಪ್ರೋಗ್ರಾಮಿನಲ್ಲಿ ಎಲ್ಲಿಯೂ ಇರಲಿಲ್ಲ. ಮೂಲ ಬಣ್ಣಗಳನ್ನು ಮರಳಿಸಿ, ಮೆಮೊರಿಯಲ್ಲಿ ಸೊನ್ನೆಯ ಜಾಗಕ್ಕೆ ಒಂದನ್ನು ಬರೆದಾಗ, ಬಾನೆಟ್ ತುಂಬ ಅಕ್ಷರಗಳನ್ನು ಹೊತ್ತ ಕಾರು ಟ್ರ್ಯಾಕಿಗಿಳಿಯಿತು.

ಡಿಸ್ಕ್‌ನ ಆವೃತ್ತಿ, ಕಡತದ ಹೆಸರು, ಬೈಟ್‌ನ ಸ್ಥಾನ, ಕೋಷ್ಟಕದ ವಿಳಾಸ ಇವಿಷ್ಟನ್ನೂ ಆಗಲೇ ಬರೆದಿಟ್ಟುಕೊಂಡೆ. ಇವಿಲ್ಲದೆ ಬರೀ ಸ್ಕ್ರೀನ್‌ಶಾಟ್ ತೋರಿಸಿದರೆ ಯಾರೋ ಆಟವನ್ನು ತಿದ್ದಿ ಮಾಡಿದ ಮಾಡ್ ಎಂದು ತಳ್ಳಿಹಾಕುವವರೇ ಹೆಚ್ಚು. ಅವರನ್ನು ದೂರುವಂತೆಯೂ ಇಲ್ಲ.