ಕಾಲುವೆ ದಂಡೆಯಲ್ಲಿ ಪೊರಕೆ ಬಿಟ್ಟ ಮೇಲೆ

ಬೆಂಗಳೂರಿನ ನಮ್ಮ ಬೀದಿಯ ಹಿಂದೆ ಒಂದು ರಾಜಕಾಲುವೆ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆ ಇದೆ. ಅದರ ನೀರು ವೃಷಭಾವತಿ ಸೇರಿ, ಅರ್ಕಾವತಿಗೆ ಹೋಗಿ, ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಮೂಗು ಮುಚ್ಚಿಕೊಂಡು ದಾಟುವವರಿಗೆ ಹೇಳಿದರೆ ನಂಬುವುದಿಲ್ಲ.

ಒಂದು ಬದಿಗೆ ಇನ್ನೂ ಕಾಂಕ್ರೀಟ್ ಗೋಡೆ ಬಂದಿಲ್ಲ. ಆ ಮಣ್ಣಿನ ಪಟ್ಟಿಯಲ್ಲಿ ನಾವು ನಾಲ್ಕೈದು ಜನ 6 ವರ್ಷದಿಂದ ಭಾನುವಾರ ಬೆಳಿಗ್ಗೆ ಕೆಲಸ ಮಾಡುತ್ತಿದ್ದೇವೆ.

ಮೊದಲ ವರ್ಷ ಮಾಡಿದ್ದೆಲ್ಲ ತಪ್ಪೇ. ನೀರಿನ ಅಂಚಿಗೇ ಗುಲ್‌ಮೊಹರ್ ನೆಟ್ಟೆವು. ಅಕ್ಟೋಬರ್ ಮಳೆಗೆ ಒಂದೇ ರಾತ್ರಿ ಕೊಚ್ಚಿ ಹೋದವು, ಊರುಗೋಲಿನ ಸಮೇತ. ಆಮೇಲೆ ಹೊಳೆ ದಂಡೆಯ ಮರಗಳನ್ನೇ ಹುಡುಕಿ ತಂದೆವು. ಕೆಳಗೆ ಹೊಳೆಮತ್ತಿ, ಮೇಲೆ ನೇರಳೆ. ಹಳೇ ಹೊಂಗೆ ಮರಗಳು ಮೊದಲಿಂದಲೂ ಇದ್ದವು.

ಆದರೆ ಕಲಿತದ್ದು ನೆಡುವುದರಿಂದ ಅಲ್ಲ, ಗುಡಿಸುವುದರಿಂದ. ಹೊಂಗೆ ಎಲೆ ಉದುರಿದರೆ ನೋಡಲು ಚೆನ್ನಾಗಿರಲ್ಲ ಅಂತ ವಾರವಾರ ಗುಡಿಸಿ ಮೂಟೆ ಕಟ್ಟುತ್ತಿದ್ದೆವು. ಮೇ ತಿಂಗಳಲ್ಲಿ ಒಂದೆರಡು ಮಳೆ ಆಗಿತ್ತು. ಕೈ ತೊಳೆಯಲು ತಂದಿದ್ದ ಚೊಂಬಿನ ನೀರನ್ನು ಗುಡಿಸಿದ ಜಾಗಕ್ಕೆ ಸುಮ್ನೆ ಸುರಿದೆ. ಒಂದು ಕ್ಷಣ ನಿಂತ ನೀರು, ಮಣ್ಣನ್ನೂ ಹೊತ್ತುಕೊಂಡು ನೇರ ಕಾಲುವೆಗೆ ಇಳಿಯಿತು. ಬೇಲಿ ಮೂಲೆಗೆ ಪೊರಕೆ ತಾಗಿರಲಿಲ್ಲ. ಅಲ್ಲೂ ಒಂದು ಚೊಂಬು ಸುರಿದೆ. ಎಲೆ ಸರಕ್ ಅಂದಿತು, ಅಷ್ಟೇ. ನೀರು ಎಲ್ಲಿ ಹೋಯಿತೋ! ಎಲೆ ಸರಿಸಿದರೆ ಕೆಳಗೆ ಕಪ್ಪು ಮಣ್ಣು, ಎರೆಹುಳ, ಸುರುಳಿ ಸುತ್ತಿಕೊಂಡ ಒಂದು ರೈಲುಹುಳ.

ಅವತ್ತೇ ಪೊರಕೆ ಬಿಟ್ಟೆವು. ಹಾವು ಸೇರಿಕೊಳ್ಳುತ್ತೆ ಅಂತ ಜಗಳವಾಯಿತು. ನಡೆಯುವ ದಾರಿ ಮಾತ್ರ ಗುಡಿಸುತ್ತೇವೆ ಅಂತ ರಾಜಿಯೂ ಆಯಿತು.

ಮರ ನೆಟ್ಟರೆ ಕಾಲುವೆ ನೀರು ಶುದ್ಧವಾಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮನೆಗಳ ಕೊಳಚೆ ಬಂದು ಸೇರುತ್ತಿರುವಷ್ಟು ದಿನ ನಾತ ಇದ್ದೇ ಇರುತ್ತದೆ. ಮರಗಳು ಮಳೆನೀರಿನ ಓಟ ತಗ್ಗಿಸುತ್ತವೆ, ದಂಡೆ ಕುಸಿಯದಂತೆ ಹಿಡಿಯುತ್ತವೆ. ಅದಕ್ಕೂ ಜಾಗ ಬೇಕಲ್ವಾ? 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೊಡ್ಡ ರಾಜಕಾಲುವೆಗಳ ಪಕ್ಕ ಕಟ್ಟಡ ಕಟ್ಟದೆ 50 ಮೀಟರ್ ಬಿಡಬೇಕು ಎಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಮ್ಮ ಪಟ್ಟಿ ಅಳೆದರೆ 12 ಹೆಜ್ಜೆ.

ಹೋದ ಮಳೆಗಾಲ ನೀರಂಚಿನ ಹಕ್ಕಿ ಹುಂಡುಕೋಳಿಯೊಂದು ಕರಿ ಮರಿಗಳನ್ನು ಕಟ್ಟಿಕೊಂಡು ಆ ಪೊದೆಯಲ್ಲೇ ಓಡಾಡುತ್ತಿತ್ತು. ಬೇಲಿ ಮೂಲೆಯಲ್ಲಿ ಯಾರೂ ನೆಡದ ಅತ್ತಿ ಗಿಡ ಎದೆಯೆತ್ತರ ಬಂದಿದೆ. ಬಾವಲಿ ಕೆಲಸ ಇರಬೇಕು. ಅದಕ್ಕೆ ನಾವು ಊರುಗೋಲು ಕಟ್ಟಿಲ್ಲ.