ಮೂರು ಅಂತಸ್ತಿನ ಮನೆಗೆ ವೈಫೈ: ನಾನು ಮಾಡಿಕೊಂಡ ಬಗೆ

ಮಹಡಿ ಮೇಲೆ ವೈಫೈ ಸಿಗುತ್ತಿಲ್ಲ ಅಂತ ಯಾರು ಹೇಳಿದರೂ ನಾನು ಮೊದಲು ಕೇಳೋದು ಒಂದೇ ಪ್ರಶ್ನೆ: ಕೆಳಗಿಂದ ಮೇಲಕ್ಕೆ ತಂತಿ ಎಳೆಯೋಕೆ ದಾರಿ ಇದೆಯಾ? ಇದ್ದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಇಲ್ಲದಿದ್ದರೆ ಮಾತ್ರ ಮೆಶ್ (ಒಂದಕ್ಕೊಂದು ಮಾತಾಡಿಕೊಂಡು ಒಂದೇ ವೈಫೈ ಹರಡುವ ಹಲವು ಪೆಟ್ಟಿಗೆಗಳು), ರಿಪೀಟರ್ (ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಪೆಟ್ಟಿಗೆ) ಅಂತ ಯೋಚನೆ ಮಾಡಬೇಕು. ಅಂಗಡಿಯಲ್ಲಿ ಇದನ್ನು ಉಲ್ಟಾ ಹೇಳುತ್ತಾರೆ. ತಂತಿ ಮಾರಿದರೆ ಅವರಿಗೆ ಗಿಟ್ಟೋದು ಅಷ್ಟಕ್ಕಷ್ಟೇ, ಅಲ್ವಾ?

ನಮ್ಮ ಮನೆ ಇರೋದು ಶಿರಸಿ ಪೇಟೆಯಿಂದ ಸ್ವಲ್ಪ ಹೊರಗೆ, ಬನವಾಸಿ ರಸ್ತೆಯ ಕಡೆ. ಕೆಳಗಿನ ಭಾಗ ಅಜ್ಜನ ಕಾಲದ್ದು, ಚಿರೆಕಲ್ಲಿನ ದಪ್ಪ ಗೋಡೆ. ಅದರ ಮೇಲೆ ಅಪ್ಪಯ್ಯ ಸ್ಲ್ಯಾಬ್ ಹಾಕಿಸಿ ಮಹಡಿ ಕಟ್ಟಿಸಿದ. ಎಲ್ಲಕ್ಕಿಂತ ಮೇಲೆ ತಾರಸಿ, ಅದಕ್ಕೆ ತಗಡಿನ ಮಾಡು. ಅಡಕೆ ಒಣಗಿಸೋದು ಅಲ್ಲಿ. ಅದರದೇ ಒಂದು ಮೂಲೆಗೆ ಗೋಡೆ ಹಾಕಿಸಿಕೊಂಡು ನಾನು ಕಂಪನಿ ಕೆಲಸ ಮಾಡುತ್ತೇನೆ. ಫೈಬರ್ ಬಂದು ಕೂತಿದ್ದು ಮಾತ್ರ ಜಗಲಿಯ ಟಿವಿ ಪಕ್ಕ. ಜಗಲಿಯಲ್ಲಿ ಅಪ್ಪಯ್ಯನಿಗೆ ಅಡಕೆ ದರ ಚಕಚಕ ಕಾಣುತ್ತದೆ. ಮಹಡಿಯಲ್ಲಿ ಮಲಗುವ ಆಯಿಯದ್ದು ದಿನಾ ಒಂದೇ ಮಾತು: "ಅಪೀ, ಮೇಲೆ ನೆಟ್ ಬತ್ತಿಲ್ಲೆ."

ಏನನ್ನೂ ಕೊಳ್ಳುವ ಮೊದಲು ಅಳೆಯಬೇಕು. ಫೋನಿನಲ್ಲಿ ಕಾಣುವ ಕಡ್ಡಿಗಳನ್ನು ನಂಬಬೇಡಿ. ಸಿಗ್ನಲನ್ನು ಡಿಬಿಎಂ ಲೆಕ್ಕದಲ್ಲಿ (ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕಡಿಮೆ) ತೋರಿಸುವ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ರೂಟರ್ ಎದುರು ನಿಂತರೆ ಮೈನಸ್ 40ರ ಆಸುಪಾಸು ಬರುತ್ತದೆ. ಮೈನಸ್ 67ರವರೆಗೆ ವಿಡಿಯೋ ಕರೆ ಚೆನ್ನಾಗಿ ನಡೆಯುತ್ತದೆ. ಮೈನಸ್ 80 ದಾಟಿದರೆ ಕಡ್ಡಿ ಕಂಡರೂ ಕೆಲಸ ಆಗಲ್ಲ. ಈ ಲೆಕ್ಕದಲ್ಲಿ 10 ಇಳಿದರೆ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಬಂತು ಅಂತ ಅರ್ಥ. ಫೋನ್ ಹಿಡಿದು ಮೆಟ್ಟಿಲು ಹತ್ತುತ್ತಾ ಹೋದೆ. ಮೆಟ್ಟಿಲ ತುದಿಯಲ್ಲಿ ಮೈನಸ್ 63. ಆಯಿಯ ಕೋಣೆಯ ಬಾಗಿಲಲ್ಲಿ 70. ಕಬ್ಬಿಣದ ಕಪಾಟಿನ ಹಿಂದೆ ಇರುವ ಅವಳ ಮಂಚದ ಹತ್ತಿರ 78. ನನ್ನ ಮೇಜಿನ ಮೇಲೆ 86. ನಮ್ಮ ರೂಟರ್ ಎರಡು ಬಗೆಯ ರೇಡಿಯೋ ತರಂಗದಲ್ಲಿ ವೈಫೈ ಕೊಡುತ್ತದೆ, 2.4 ಮತ್ತು 5 ಗಿಗಾಹರ್ಟ್ಸ್. ಈ ಅಂಕಿಗಳೆಲ್ಲ 2.4 ಗಿಗಾಹರ್ಟ್ಸ್‌ನದು. 5 ಗಿಗಾಹರ್ಟ್ಸ್‌ನ ಹೆಸರು ಮೇಲಿನ ಕೋಣೆಯಲ್ಲಿ ಕಾಣಲೇ ಇಲ್ಲ. ಅದು ವೇಗ ಜಾಸ್ತಿ ಕೊಡುತ್ತದೆ, ಆದರೆ ಗೋಡೆ, ಸ್ಲ್ಯಾಬ್ ದಾಟುವಾಗ ಬೇಗ ಸೋಲುತ್ತದೆ. ನಮ್ಮ ಕಡೆ ಇನ್ನೊಂದು ಸಂಗತಿ ಇದೆ. ಚಿರೆಕಲ್ಲಿನಲ್ಲಿ ತೂತು ಜಾಸ್ತಿ, ಮಳೆಗಾಲದಲ್ಲಿ ನೀರು ಕುಡಿಯುತ್ತದೆ. ಒದ್ದೆ ಗೋಡೆ ಸಿಗ್ನಲನ್ನು ಇನ್ನಷ್ಟು ತಿನ್ನುತ್ತದೆ. ಹಾಗಾಗಿ ಏಪ್ರಿಲ್‌ನಲ್ಲಿ ಅಳೆದು ಅಂಚಿನಲ್ಲಿ ಪಾಸಾದರೆ ಜುಲೈನಲ್ಲಿ ಫೇಲ್ ಆಗೋದು ಗ್ಯಾರಂಟಿ.

ರೂಟರಿನ ಆಂಟೆನಾ ಬಗ್ಗೆಯೂ ಒಂದು ಮಾತು. ನೆಟ್ಟಗೆ ನಿಲ್ಲಿಸಿದ ಆಂಟೆನಾದ ಸಿಗ್ನಲ್ ಉದ್ದಿನ ವಡೆಯ ಆಕಾರದಲ್ಲಿ ಸುತ್ತಲೂ ಹರಡುತ್ತದೆ. ಆಂಟೆನಾ ಇರೋದು ವಡೆಯ ತೂತಿನಲ್ಲಿ. ಅಂದರೆ ನೇರ ತಲೆಯ ಮೇಲೆ ಹೋಗೋದು ತೀರಾ ಕಡಿಮೆ. ಒಂದು ಆಂಟೆನಾವನ್ನು ಅಡ್ಡ ಮಲಗಿಸಿದರೆ ಮೇಲಿನ ಮಹಡಿಗೆ ಸ್ವಲ್ಪ ಸಿಗುತ್ತದೆ. ಖರ್ಚಿಲ್ಲದ ಉಪಾಯ, ಮಾಡಿ ನೋಡಿ. ನಮ್ಮಲ್ಲಿ ಆಯಿಯ ಕೋಣೆಗೆ ಐದಾರು ಡಿಬಿಎಂ ಲಾಭ ಆಯಿತು, ನನಗೇನೂ ಆಗಲಿಲ್ಲ.

ರಿಪೀಟರ್ ಬೇಡ ಅಂದಿದ್ದಕ್ಕೆ ಕಾರಣ ಇದೆ. ಅಗ್ಗದ ರಿಪೀಟರ್ ಕೆಳಗಿನಿಂದ ಕೇಳಿಸಿಕೊಂಡದ್ದನ್ನೇ ಅದೇ ಚಾನಲ್‌ನಲ್ಲಿ ಮತ್ತೆ ಹೇಳಬೇಕು. ಅಲ್ಲಿಗೇ ವೇಗ ಅರ್ಧ. ಅದೂ ಅಲ್ಲದೆ ಅದನ್ನು ನಾವು ಇಡೋದು ಸಿಗ್ನಲ್ ಇಲ್ಲದ ಜಾಗದಲ್ಲಿ, ಅದಕ್ಕೇ ಸರಿಯಾಗಿ ಕೇಳಿಸದಿದ್ದರೆ ಮುಂದೆ ಏನು ಹೇಳೀತು? ಮೆಶ್ ಇದಕ್ಕಿಂತ ವಾಸಿ. ಆದರೆ ಅದೂ ಗಾಳಿಯಲ್ಲೇ ಮಾತಾಡುವಾಗ ನಡುವೆ ಅದೇ ಕಬ್ಬಿಣದ ಸರಳಿನ ಸ್ಲ್ಯಾಬ್ ಇದ್ದೇ ಇದೆ.

ದಾರಿ ಸಿಕ್ಕಿದ್ದು ಹಳೆ ಡಿಶ್ ಕೇಬಲಿನಿಂದ. ತಾರಸಿಯಿಂದ ಜಗಲಿಯ ಟಿವಿವರೆಗೆ ಗೋಡೆಯೊಳಗೆ ಪೈಪು ಇತ್ತು, ಡಿಶ್ ಬಿಟ್ಟು ವರ್ಷಗಳೇ ಆಗಿತ್ತು. ಆ ಕೇಬಲಿನ ತುದಿಗೆ ಕ್ಯಾಟ್ 6 ಅನ್ನುವ ನೆಟ್‌ವರ್ಕ್ ತಂತಿ ಕಟ್ಟಿ, ಮೇಲೆ ಟೇಪು ಸುತ್ತಿ, ಕೆಳಗಿಂದ ಎಳೆದೆವು. ಗಂಟು ಉಬ್ಬದ ಹಾಗೆ ಕಟ್ಟೋದೇ ಇದರಲ್ಲಿರುವ ಜಾಣತನ. ಬೆಂಡಿನಲ್ಲಿ ಸಿಕ್ಕಿಕೊಂಡಾಗ ಮೇಲಿಂದ ಸೋಪಿನ ನೀರು ಬಿಟ್ಟೆ, ಕೆಳಗೆ ಎಳೆಯುತ್ತಿದ್ದ ವೈರಿಂಗ್ ಹುಡುಗ "ಬಂತು ಬಂತು, ಬಿಡಿ" ಅಂದ. ಕರೆಂಟಿನ ವೈರ್ ಇರುವ ಪೈಪಿನಲ್ಲಿ ಮಾತ್ರ ಇದನ್ನು ತೂರಿಸಬೇಡಿ. ಪೈಪಿಲ್ಲದ ಕಡೆ ಹೊರಗಿನಿಂದ ತರುವುದಾದರೆ ಕೊಳವೆಯೊಳಗೆ ಹಾಕಿ. ಅಡಕೆ ಇರುವ ಮನೆಯಲ್ಲಿ ಇಲಿ, ಅಳಿಲಿಗೆ ಬರವಿಲ್ಲ. ಮಂಗನ ವಿಷಯ ಹೇಳೋದೇ ಬೇಡ.

ತಂತಿ ಕೊಳ್ಳುವಾಗ ಪೂರ್ತಿ ತಾಮ್ರದ್ದು ಅಂತ ಕೇಳಿ ತನ್ನಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದು ಅಗ್ಗ, ಆದರೆ ಬಾಗಿಸಿದರೆ ಮುರಿಯುತ್ತದೆ. ತುದಿಯನ್ನು ಚಾಕುವಿನಿಂದ ಕೆರೆದರೆ ಬಿಳಿ ಕಂಡರೆ ವಾಪಸ್ ಕೊಡಿ. ಕ್ಯಾಟ್ 6 ಒಂದೇ ಓಟಕ್ಕೆ 100 ಮೀಟರ್‌ವರೆಗೆ ನಡೆಯುತ್ತದೆ, ಮನೆಗೆ ಧಾರಾಳವಾಯಿತು.

ಕನೆಕ್ಟರ್ ಹಾಕುವಾಗ ಎಂಟು ಎಳೆಗಳ ಸಾಲು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಒಂದೇ ಸಾಲು. ಎಳೆಗಳನ್ನು ಬೆರಳಲ್ಲಿ ತಿಕ್ಕಿ ನೆಟ್ಟಗೆ ಮಾಡಿ, ಒಂದೇ ಸಮ ಕತ್ತರಿಸಿ, ಕನೆಕ್ಟರಿನ ಮೂತಿಯಲ್ಲಿ ಎಂಟೂ ತಾಮ್ರದ ಚುಕ್ಕೆ ಕಾಣುವ ತನಕ ತಳ್ಳಬೇಕು. ಆಮೇಲೆ ಎಂಟು ದೀಪದ ಟೆಸ್ಟರ್ ಹಾಕಿ ನೋಡಿ. ನಮ್ಮದರಲ್ಲಿ ಏಳನೇ ದೀಪ ಹತ್ತಲಿಲ್ಲ, ಬಿಳಿ-ಕಂದು ಎಳೆ ಪೂರ್ತಿ ಒಳಗೆ ಹೋಗಿರಲಿಲ್ಲ. ಹಾಗೇ ಬಿಟ್ಟಿದ್ದರೂ ನೆಟ್ ಬರುತ್ತಿತ್ತು, ಆದರೆ 100 ಎಂಬಿಪಿಎಸ್‌ಗೆ ನಿಂತುಬಿಡುತ್ತಿತ್ತು. ಗಿಗಾಬಿಟ್‌ಗೆ (1000 ಎಂಬಿಪಿಎಸ್) ಎಂಟೂ ಎಳೆ ಬೇಕು.

ಮಹಡಿಗೆ ಮನೆಯಲ್ಲಿ ಬಿದ್ದಿದ್ದ ಹಳೆ ರೂಟರನ್ನೇ ಬಳಸಿದೆ. ಆ ಪೈಪು ಮಹಡಿಯ ಪಡಸಾಲೆಯಲ್ಲೂ ಒಂದು ಡಬ್ಬಿಯಲ್ಲಿ ತೆರೆದುಕೊಳ್ಳುವುದರಿಂದ ಇನ್ನೊಂದು ತಂತಿ ಅಲ್ಲಿಗೆ ಬಂತು. ಹಳೆ ರೂಟರಿನ ವಿಳಾಸವನ್ನು 192.168.1.2 ಮಾಡಿದೆ, ಯಾಕಂದರೆ 192.168.1.1 ಕೆಳಗಿನದ್ದು. ಅದರ ಡಿಎಚ್‌ಸಿಪಿ, ಅಂದರೆ ಫೋನು, ಕಂಪ್ಯೂಟರಿಗೆಲ್ಲ ವಿಳಾಸ ಹಂಚುವ ಕೆಲಸ, ಬಂದ್ ಮಾಡಿದೆ; ಅದನ್ನು ಕೆಳಗಿನ ರೂಟರ್ ಒಂದೇ ಮಾಡಿದರೆ ಸಾಕು. ತಂತಿಯನ್ನು ವ್ಯಾನ್ ಪೋರ್ಟಿಗೆ (ಹೊರಗಿನಿಂದ ಇಂಟರ್‌ನೆಟ್ ಬರುವ ಕಿಂಡಿ) ಹಾಕದೆ ಲ್ಯಾನ್ ಪೋರ್ಟಿಗೆ (ಮನೆಯೊಳಗಿನ ಸಾಧನಗಳ ಕಿಂಡಿ) ಹಾಕಿದೆ. ಹೆಸರು, ಪಾಸ್‌ವರ್ಡ್ ಎಲ್ಲಾ ಕಡೆ ಒಂದೇ. 2.4ರಲ್ಲಿ ಕೆಳಗೆ ಚಾನಲ್ 1, ಮಹಡಿಗೆ 6, ತಾರಸಿಗೆ 11. ಇವು ಮೂರೇ ಒಂದರ ಮೇಲೊಂದು ಬೀಳದ ಚಾನಲ್‌ಗಳು.

ಇಷ್ಟಾದ ಮೇಲೂ ಆಯಿಯ ಫೋನ್ ಮಹಡಿಗೆ ಹೋದರೂ ಜಗಲಿಯ ರೂಟರಿಗೇ ಅಂಟಿಕೊಂಡಿರುತ್ತಿತ್ತು. ಯಾವುದಕ್ಕೆ ಸೇರಬೇಕು ಅಂತ ತೀರ್ಮಾನ ಮಾಡೋದು ಫೋನು, ರೂಟರ್ ಅಲ್ಲ. ಕೆಳಗಿನ ರೂಟರಿನ ಟ್ರಾನ್ಸ್‌ಮಿಟ್ ಪವರ್ ಒಂದು ಹಂತ ಇಳಿಸಿದೆ, ಸರಿಹೋಯಿತು. ಸಿಗ್ನಲ್ ಕಡಿಮೆ ಮಾಡಿ ನೆಟ್ ಸರಿ ಮಾಡಿದೆ ಅಂದರೆ ಅಪ್ಪಯ್ಯ ಇವತ್ತಿಗೂ ನಂಬೋದಿಲ್ಲ.

ತಾರಸಿಗೆ ಮಾತ್ರ ಹೊಸದು ಕೊಂಡೆ, ಪಿಒಇ ಇರುವ ಆ್ಯಕ್ಸೆಸ್ ಪಾಯಿಂಟ್, ಅಂದರೆ ವೈಫೈ ಹರಡೋದಷ್ಟೇ ಕೆಲಸವಾದ ಪೆಟ್ಟಿಗೆ. ಇದರಲ್ಲಿ ಕರೆಂಟೂ ಅದೇ ಕ್ಯಾಟ್ 6 ತಂತಿಯಲ್ಲೇ ಹತ್ತುತ್ತದೆ. ತಾರಸಿಗೆ ಇನ್ವರ್ಟರ್ ಲೈನ್ ಇಲ್ಲ. ಜಗಲಿಯ ಇನ್ವರ್ಟರ್ ಪಾಯಿಂಟಿಗೆ ಫೈಬರ್ ಪೆಟ್ಟಿಗೆ, ತಂತಿಗೆ ಕರೆಂಟು ಸೇರಿಸುವ ಪಿಒಇ ಇಂಜೆಕ್ಟರ್ ಎರಡನ್ನೂ ಹಾಕಿದರೆ ಮಳೆಗಾಲದಲ್ಲಿ ಕರೆಂಟು ಹೋದಾಗಲೂ ಮೇಲೆ ಮೀಟಿಂಗ್ ನಿಲ್ಲಲ್ಲ. ಜಿಪಾನ್ ಅನ್ನುವ ಪದ್ಧತಿಯ ಫೈಬರಿನಲ್ಲಿ ಬೆಳಕನ್ನು ಮನೆಮನೆಗೆ ಹಂಚುವ, ಕಂಬದ ಮೇಲಿನ ಸ್ಪ್ಲಿಟರ್‌ಗಳಿಗೆ ಕರೆಂಟೇ ಬೇಡ. ಹಾಗಾಗಿ ಊರಿಗೆಲ್ಲ ಕತ್ತಲೆ ಆದರೂ ಲೈನ್ ಜೀವಂತ ಇರುತ್ತದೆ.

ಇನ್ನು ಸಿಡಿಲು. ತಾಮ್ರದ ಫೋನ್ ಲೈನ್ ಇದ್ದಾಗ ಮೇ ತಿಂಗಳ ಗುಡುಗಿಗೆ ಮೋಡೆಮ್ ಸುಡೋದು ನಮ್ಮ ಕಡೆ ಮಾಮೂಲು. ಫೈಬರಿನ ಗಾಜಿನಲ್ಲಿ ಕರೆಂಟು ಹರಿಯಲ್ಲ. ಆದರೆ ಕಂಬದಿಂದ ಬರುವಾಗ ಅದಕ್ಕೆ ಆಧಾರವಾಗಿ ಉಕ್ಕಿನ ತಂತಿ ಇರುತ್ತದಲ್ಲ, ಅದನ್ನು ಹೊರಗಿನ ಕೊಕ್ಕೆಗೆ ಕಟ್ಟಿ ಅಲ್ಲೇ ಕತ್ತರಿಸಿಸಿ, ಒಳಗೆ ಬರಬಾರದು. ಗುಡುಗು ಹತ್ತಿರ ಬಂದರೆ ಈಗಲೂ ಅಡಾಪ್ಟರ್ ಕೀಳುತ್ತೇವೆ, ಇಂಜೆಕ್ಟರಿನಿಂದ ತಾರಸಿಯ ತಂತಿಯನ್ನೂ ಕೀಳುತ್ತೇವೆ.

ಇದೇ ಕಾರಣಕ್ಕೆ ಅಂಗಳದಾಚೆಯ ಕೊಟ್ಟಿಗೆಯ ಕ್ಯಾಮೆರಾಗೆ ಕ್ಯಾಟ್ 6 ಎಳೆಯಲಿಲ್ಲ. ಎರಡು ಕಟ್ಟಡಗಳ ನಡುವೆ ತಾಮ್ರ ಹಾಕಿದರೆ ಸಿಡಿಲಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಅಲ್ಲಿಗೆ ಒಂದೆಳೆ ಫೈಬರ್, ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ತಾಮ್ರದ ತಂತಿಯ ಸಿಗ್ನಲನ್ನು ಬೆಳಕಿಗೆ, ಬೆಳಕನ್ನು ಮತ್ತೆ ಸಿಗ್ನಲ್‌ಗೆ ಬದಲಿಸುವ ಪೆಟ್ಟಿಗೆ). ಒಂದೆಳೆಯದ್ದು ಕೊಳ್ಳುವಾಗ ಜೋಡಿಯಾಗಿಯೇ ಕೇಳಿ: ಒಂದು ಎ, ಇನ್ನೊಂದು ಬಿ. ಒಂದು 1310 ನ್ಯಾನೋಮೀಟರ್ ಬೆಳಕಿನಲ್ಲಿ ಕಳಿಸಿದರೆ ಇನ್ನೊಂದು 1550ರಲ್ಲಿ ಕಳಿಸುತ್ತದೆ. ಎರಡೂ ಎ ತಂದರೆ ಕನೆಕ್ಷನ್ ಆಗೋದೇ ಇಲ್ಲ.